ಕೃಷಿ ಹೊಂಡದ ಘನಫಲವನ್ನು ಲೆಕ್ಕ ಹಾಕುವ ಕ್ರಮ

ಕೃಷಿ ಹೊಂಡ ತೋಡಿಸುವಾಗ ಅಗೆತಕ್ಕೆ ಕೊಡಬೇಕಾದ ಹಣವೂ, ಮಳೆ ಕೈಕೊಟ್ಟಾಗ ಎಷ್ಟು ಎಕರೆಗೆ ನೀರುಣಿಸಬಹುದೆಂಬುದೂ ಅದರ ಘನಫಲವನ್ನು ಅವಲಂಬಿಸಿವೆ. ಉದ್ದ, ಅಗಲ, ಆಳಗಳ ಗುಣಲಬ್ಧವು ನೆಟ್ಟಗಿನ ಗೋಡೆಯ ತೊಟ್ಟಿಗೆ ಮಾತ್ರ ಸರಿ. ಹೊಂಡದ ಪಕ್ಕಗಳು ಇಳಿಜಾರಾಗಿರುವುದರಿಂದ ತಳವು ಬಾಯಿಗಿಂತ ಕಿರಿದಾಗಿರುತ್ತದೆ. ಆದ್ದರಿಂದ ಕೆಳಗಿನ ಸೂತ್ರವನ್ನು ಬಳಸಬೇಕು.

ಘನಫಲ = (ಆಳ ÷ 6) × (ಮೇಲ್ಭಾಗದ ವಿಸ್ತೀರ್ಣ + 4 × ನಡುಮಟ್ಟದ ವಿಸ್ತೀರ್ಣ + ತಳದ ವಿಸ್ತೀರ್ಣ)

ಬಾಯಿ 20 × 20 ಮೀಟರ್, ಆಳ 3 ಮೀಟರ್, ಪಕ್ಕದ ಇಳಿಜಾರು 1:1 ಇರುವ ಹೊಂಡವನ್ನು ಪರಿಗಣಿಸೋಣ. ಪ್ರತಿ ಪಕ್ಕವೂ 3 ಮೀಟರ್ ಒಳಸರಿಯುವುದರಿಂದ ತಳವು 14 × 14 ಮೀಟರ್, ನಡುಮಟ್ಟವು 17 × 17 ಮೀಟರ್ ಆಗುತ್ತದೆ. ವಿಸ್ತೀರ್ಣಗಳು ಕ್ರಮವಾಗಿ 400, 289 ಮತ್ತು 196 ಚದರ ಮೀಟರ್ (ನಡುಮಟ್ಟದ್ದು 289). ಘನಫಲ 0.5 × (400 + 1156 + 196) = 876 ಘನ ಮೀಟರ್. ನೇರ ಗುಣಾಕಾರದಲ್ಲಿ ಬರುವ 1200 ಘನ ಮೀಟರಿಗೆ ಹಣ ಕೊಟ್ಟರೆ, ಅಗೆಯದ 324 ಘನ ಮೀಟರ್ ಮಣ್ಣಿಗೂ ಕೊಟ್ಟಂತಾಗುತ್ತದೆ. ಇಳಿಜಾರನ್ನು 1.5:1ಕ್ಕೆ ಹೆಚ್ಚಿಸಿದರೆ ತಳವು 11 × 11 ಮೀಟರಿಗೆ ಇಳಿದು, ಘನಫಲ 741 ಘನ ಮೀಟರ್ ಮಾತ್ರ ಆಗುತ್ತದೆ.

ಆಳವನ್ನು ನೆಟ್ಟಗೆ ಅಳೆಯುವುದು ಅತ್ಯಗತ್ಯ. ಟೇಪನ್ನು ಇಳಿಜಾರಿನ ಮೇಲೆ ಹಾಸಿದರೆ ಇದೇ 3 ಮೀಟರ್ ಆಳವು 4.24 ಮೀಟರ್ ಎಂದು ತೋರುತ್ತದೆ. ಬಾಯಿಗೆ ಅಡ್ಡಲಾಗಿ ಹಗ್ಗ ಬಿಗಿದು, ಅಲ್ಲಿಂದ ತೂಕದ ದಾರ ಇಳಿಬಿಡುವುದು ಸೂಕ್ತ. ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ಎಣಿಸಿ ಲೆಕ್ಕ ಹಾಕುವ ರೂಢಿಯೂ ಇದೆ. ಅಗೆದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಅದು ನಂಬಲರ್ಹವಲ್ಲ.

ನೀರಿನ ಲೆಕ್ಕ ಬೇರೆ. ಹೊಂಡವನ್ನು ಅಂಚಿನವರೆಗೆ ತುಂಬಿಸಲಾಗದು. ಮೊದಲ ಹೊಂಡದಲ್ಲಿ ಮೇಲೆ 30 ಸೆಂ.ಮೀ. ಬಿಟ್ಟರೆ ನೀರಿನ ಆಳ 2.7 ಮೀಟರ್, ನೀರಿನ ಮೇಲ್ಮೈ 19.4 × 19.4 ಮೀಟರ್, ಸಂಗ್ರಹ ಸುಮಾರು 760 ಘನ ಮೀಟರ್, ಅಂದರೆ 7.6 ಲಕ್ಷ ಲೀಟರ್. ಒಂದು ಎಕರೆಗೆ 5 ಸೆಂ.ಮೀ. ನೀರುಣಿಸಲು ಸುಮಾರು 202 ಘನ ಮೀಟರ್ ಬೇಕಾಗುವುದರಿಂದ, ಆವಿ ಮತ್ತು ಬಸಿಯುವಿಕೆಯ ನಷ್ಟವನ್ನು ಕಳೆಯುವ ಮೊದಲೇ ಇದು ನಾಲ್ಕು ಎಕರೆಗೂ ಸಾಲದು.

ದುಂಡು ಬಾವಿಯ ನೀರಿಗೆ 3.14 × ತ್ರಿಜ್ಯ × ತ್ರಿಜ್ಯ × ನೀರಿನ ಆಳ ಸಾಕು. ಶಂಕುವಿನಾಕಾರದ ಗೊಬ್ಬರದ ರಾಶಿಗೆ ಆಳದ ಬದಲು ಎತ್ತರವನ್ನು ತೆಗೆದುಕೊಂಡು, ಬಂದ ಗುಣಲಬ್ಧದ ಮೂರನೇ ಒಂದು ಭಾಗವನ್ನು ಪರಿಗಣಿಸಬೇಕು. ರಾಶಿಯ ತ್ರಿಜ್ಯವನ್ನು ನೇರವಾಗಿ ಅಳೆಯಲಾಗದಿದ್ದಲ್ಲಿ ಬುಡದ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ಅದು ದೊರೆಯುತ್ತದೆ.