ಸರಪಳಿಯಿಂದ ಪೀಕೋವರೆಗೆ: ಯಂತ್ರದ ಹೊಲಿಗೆಗಳ ಚರಿತ್ರೆ

ಹೊಲಿಗೆ ಯಂತ್ರ ಹಾಕುವ ಹೊಲಿಗೆಗಳನ್ನು ಉಪಯೋಗದವು ಮತ್ತು ಅಲಂಕಾರದವು ಎಂದು ಎರಡಾಗಿ ವಿಂಗಡಿಸುವುದು ರೂಢಿ. ಬಟ್ಟೆಯ ತುಂಡುಗಳನ್ನು ಕೂಡಿಸುವ, ಅಂಚು ಬಿಡದಂತೆ ಕಾಯುವ, ಕಾಜಾ ಕಟ್ಟುವ ಹೊಲಿಗೆಗಳು ಮೊದಲ ವರ್ಗಕ್ಕೆ ಸೇರಿದರೆ, ಬಳ್ಳಿ, ಹೂವು, ಅಲೆಗಳನ್ನು ಮೂಡಿಸುವವು ಎರಡನೆಯದಕ್ಕೆ ಸೇರುತ್ತವೆ. ಆದರೆ ಈ ಯಂತ್ರದ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಲ್ಲಿ ಈ ಗಡಿ ಎಂದೂ ಗಟ್ಟಿಯಾಗಿ ನಿಂತಿಲ್ಲ. ಅಲಂಕಾರಕ್ಕೆಂದು ಹುಟ್ಟಿದ ಹೊಲಿಗೆ ಸಮವಸ್ತ್ರ ಹೊಲಿಯಲು ಬಳಕೆಯಾಗಿದೆ, ಅಂಚು ಕಾಯಲು ಬಂದ ಹೊಲಿಗೆ ಅಲಂಕಾರವಾಗಿ ಬೆಳೆದಿದೆ.

ಮೊದಲ ದಾಟುವಿಕೆ ನಡೆದದ್ದು ಸರಪಳಿ ಹೊಲಿಗೆಯಲ್ಲಿ. ಒಂದೇ ದಾರದ ಕುಣಿಕೆಯೊಳಗಿಂದ ಮುಂದಿನ ಕುಣಿಕೆಯನ್ನು ಎಳೆದುಕೊಳ್ಳುತ್ತ ಹೋಗುವ ಈ ಹೊಲಿಗೆಯನ್ನು ಕಛ್‌ನ ಮೋಚಿ ಕಸುಬಿನವರು ಕೊಕ್ಕೆಯ ತುದಿಯುಳ್ಳ ‘ಆರಿ’ಯಿಂದ ಹಾಕುತ್ತಿದ್ದರು. ತಮಟೆಯ ಚರ್ಮದಂತೆ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಕೊಕ್ಕೆಯಿಂದ ಕಸೂತಿ ಮಾಡುವ ಈ ಬಗೆಯ ವಿದ್ಯೆ ಪೂರ್ವದೇಶಗಳಿಂದ ಹದಿನೆಂಟನೆಯ ಶತಮಾನದಲ್ಲಿ ಯುರೋಪನ್ನು ತಲುಪಿ ಅಲ್ಲಿ ‘ಟಾಂಬೂರ್’ ಎಂಬ ಹೆಸರಿನಲ್ಲಿ ಹರಡಿತು. ಫ್ರಾನ್ಸ್‌ನ ದರ್ಜಿ ಬಾರ್ತಲೆಮಿ ತಿಮೊನಿಯೇ ಆ ಕೊಕ್ಕೆಯ ಚಲನೆಯನ್ನೇ ಮರದ ಯಂತ್ರಕ್ಕೆ ಅಳವಡಿಸಿ 1830ರಲ್ಲಿ ಪೇಟೆಂಟ್ ಪಡೆದನು. ಪ್ಯಾರಿಸ್ಸಿನಲ್ಲಿ ಅವನ ಸುಮಾರು 80 ಯಂತ್ರಗಳು ಸೈನ್ಯದ ಸಮವಸ್ತ್ರ ಹೊಲಿಯುವುದಕ್ಕೆ ನಿಂತವು. ಹೊಟ್ಟೆಪಾಡು ಹೋದೀತೆಂದು ಕೆರಳಿದ ದರ್ಜಿಗಳು 1831ರಲ್ಲಿ ಅವುಗಳನ್ನು ಒಡೆದುಹಾಕಿದರು. ಅವರ ಸಿಟ್ಟಿಗೆ ಗುರಿಯಾದ ಯಂತ್ರ ಹಾಕುತ್ತಿದ್ದುದು ಕಸೂತಿಯವರ ಹೊಲಿಗೆಯನ್ನೇ.

ಸರಪಳಿ ಹೊಲಿಗೆ ಬೇಗ ಸಾಗುತ್ತದೆ, ಎಳೆದರೆ ಹಿಗ್ಗುತ್ತದೆ. ಆದರೆ ಕೊನೆಯ ಕುಣಿಕೆ ಸಡಿಲವಾದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ಅಕ್ಕಿ ಮೂಟೆಯ ಬಾಯಿಯನ್ನು ಇಂದಿಗೂ ಇದೇ ಹೊಲಿಗೆಯಿಂದ ಮುಚ್ಚುವುದು, ದಾರದ ತುದಿ ಹಿಡಿದು ಒಮ್ಮೆ ಎಳೆದರೆ ಮೂಟೆ ತೆರೆದುಕೊಳ್ಳಬೇಕೆಂಬ ಕಾರಣಕ್ಕಾಗಿಯೇ. ತೊಡುವ ಬಟ್ಟೆಗೆ ಈ ಗುಣ ಅಪಾಯ. ಇದಕ್ಕೆ ಪರಿಹಾರವಾಗಿ ಬಂದದ್ದು ‘ಲಾಕ್ ಸ್ಟಿಚ್’: ಸೂಜಿ ತಂದ ಮೇಲಿನ ದಾರದ ಕುಣಿಕೆಯೊಳಗಿಂದ ಕೆಳಗಿನ ಎರಡನೆಯ ದಾರ ಹಾದು, ಎರಡೂ ಬಟ್ಟೆಯ ದಪ್ಪದ ನಡುವೆ ಹೆಣೆದುಕೊಳ್ಳುವ ಹೊಲಿಗೆ. ನ್ಯೂಯಾರ್ಕಿನ ವಾಲ್ಟರ್ ಹಂಟ್ 1830ರ ದಶಕದಲ್ಲಿ, ತುದಿಯಲ್ಲಿ ಕಣ್ಣುಳ್ಳ ಸೂಜಿ ಮತ್ತು ಲಾಳಿಯನ್ನು ಸೇರಿಸಿ ಇದನ್ನು ಸಾಧಿಸಿದ್ದರೂ ಪೇಟೆಂಟ್ ಪಡೆಯಲಿಲ್ಲ. 1846ರಲ್ಲಿ ಎಲಿಯಾಸ್ ಹೋವ್ ಪಡೆದನು. 1851ರಲ್ಲಿ ಐಸಾಕ್ ಸಿಂಗರ್ ನೆಟ್ಟಗೆ ಇಳಿಯುವ ಸೂಜಿಯ ಯಂತ್ರಕ್ಕೆ ಪೇಟೆಂಟ್ ಪಡೆದರೆ, ಅಲೆನ್ ವಿಲ್ಸನ್ 1854ರಲ್ಲಿ ಬಟ್ಟೆಯನ್ನು ಹೊಲಿಗೆಯಿಂದ ಹೊಲಿಗೆಗೆ ತಾನೇ ಸರಿಸುವ ಹಲ್ಲಿನ ಪಟ್ಟಿಯನ್ನು ರೂಪಿಸಿದನು. ಮೇಲೇಳು, ಮುಂದೆ ಸಾಗು, ಕೆಳಗಿಳಿ, ಹಿಂದೆ ಬಾ ಎಂಬ ಆ ಹಲ್ಲಿನ ನಾಲ್ಕು ಚಲನೆಗಳು ಇಂದಿನ ಯಂತ್ರಗಳಲ್ಲೂ ಹಾಗೆಯೇ ಉಳಿದಿವೆ.

ಹೀಗೆ ಗಟ್ಟಿಯಾದ ಹೊಲಿಗೆ ಬಹುಕಾಲ ನೇರ ಗೆರೆಗೆ ಕಟ್ಟುಬಿದ್ದಿತ್ತು. ಆದ್ದರಿಂದ ಅಲಂಕಾರ ಬೇರೆ ದಾರಿಗಳನ್ನು ಹುಡುಕಿಕೊಂಡಿತು. ನೆರಿಗೆ ಹಿಡಿಯುವ, ಪಟ್ಟಿ ಕೂಡಿಸುವ, ಅಂಚು ಮಡಚುವ ಬಿಡಿಭಾಗಗಳು ಯಂತ್ರದೊಡನೆ ಬಂದವು. ಸ್ವಿಟ್ಜರ್‌ಲ್ಯಾಂಡಿನ ಸೇಂಟ್ ಗಾಲೆನ್ ಸೀಮೆಯ ಐಸಾಕ್ ಗ್ರೋಬ್ಲಿ 1863ರ ಸುಮಾರಿಗೆ ರೂಪಿಸಿದ ‘ಶಿಫ್ಲಿ’ ಯಂತ್ರವು ಲಾಳಿಯ ಈ ಎರಡು ದಾರದ ತತ್ತ್ವವನ್ನೇ ಕಾರ್ಖಾನೆಯ ಕಸೂತಿಗೆ ಒಗ್ಗಿಸಿತು. ಕೊಕ್ಕೆಯ ಸರಪಳಿ ಹೊಲಿಗೆ ಕೂಡ ತನ್ನ ಹಳೆಯ ಕಸುಬಿಗೆ ಮರಳಿತು: ಫ್ರಾನ್ಸ್‌ನ ಬೊನ್ನಾಸ್ 1860ರ ದಶಕದಲ್ಲಿ ರೂಪಿಸಿದ, ಮುಂದೆ ‘ಕಾರ್ನೆಲಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಯಂತ್ರದಲ್ಲಿ, ಮೇಜಿನ ಕೆಳಗಿನ ಹಿಡಿಯನ್ನು ತಿರುಗಿಸಿದ ಕಡೆಗೆ ಹೊಲಿಗೆ ತಿರುಗುತ್ತಿತ್ತು. ಮನೆಯ ಸಾದಾ ಯಂತ್ರದಲ್ಲಿಯೂ ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ತೆಗೆದು, ಹಲ್ಲಿನ ಕೆಲಸ ನಿಲ್ಲಿಸಿ, ಬಳೆಗೆ ಬಿಗಿದ ಬಟ್ಟೆಯನ್ನು ಎರಡೂ ಕೈಗಳಿಂದ ಸೂಜಿಯ ಕೆಳಗೆ ಆಡಿಸಿ ಹೂಬಳ್ಳಿ ಬಿಡಿಸುವ ಪದ್ಧತಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿಂಗರ್ ಕಂಪನಿ ಇದಕ್ಕೆಂದೇ ಪಾಠಪುಸ್ತಕ ಪ್ರಕಟಿಸಿತು.

ನೇರ ಗೆರೆಯ ಕಟ್ಟನ್ನು ಸಡಿಲಿಸಿದ್ದು ಸೂಜಿಯನ್ನು ಎಡಬಲಕ್ಕೆ ತೂಗಿಸುವ ಝಿಗ್‌ಝಾಗ್. ಅಮೆರಿಕದ ಹೆಲೆನ್ ಬ್ಲಾಂಚರ್ಡ್ 1873ರಲ್ಲಿ ಇಂಥ ಹೊಲಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಅದರ ಉದ್ದೇಶ ಅಂಚನ್ನು ಭದ್ರಪಡಿಸುವುದಾಗಿತ್ತೇ ಹೊರತು ಚೆಲುವಲ್ಲ. ಓರೆಯಾಗಿ ಸಾಗುವ ದಾರದಲ್ಲಿ ತುಸು ಹೆಚ್ಚು ಉದ್ದ ಉಳಿಯುವುದರಿಂದ ಬಟ್ಟೆ ಹಿಗ್ಗಿದರೂ ಹೊಲಿಗೆ ಹರಿಯದು. ಒಂದು ಹೊಲಿಗೆ ಬಟ್ಟೆಯ ಒಳಗೂ ಇನ್ನೊಂದು ಅಂಚಿನ ಹೊರಗೂ ಬಿದ್ದಾಗ ಅಂಚಿನ ಎಳೆಗಳು ಕಟ್ಟುಬೀಳುತ್ತವೆ. ಎರಡು ಕಿರಿದಾದ ಒತ್ತು ಸಾಲುಗಳನ್ನು ಅಕ್ಕಪಕ್ಕದಲ್ಲಿ ಹಾಕಿ, ತುದಿಗಳನ್ನು ಅಗಲ ಹೊಲಿಗೆಯಿಂದ ಬಿಗಿದು, ನಡುವೆ ಸೀಳಿದರೆ ಅದೇ ಕಾಜಾ. ದಶಕಗಳ ಕಾಲ ಕಾರ್ಖಾನೆಗೆ ಸೀಮಿತವಾಗಿದ್ದ ಈ ವ್ಯವಸ್ಥೆ 1930ರ ದಶಕದಲ್ಲಿ ಇಟಲಿಯ ನೆಕ್ಕಿ, ಸ್ವಿಟ್ಜರ್‌ಲ್ಯಾಂಡಿನ ಬರ್ನಿನಾ ಯಂತ್ರಗಳ ಮೂಲಕ ಮನೆಗೆ ಬಂದಿತು.

ತೂಗಾಟದ ಅಗಲವನ್ನು ಹೊಲಿಗೆಯಿಂದ ಹೊಲಿಗೆಗೆ ಬದಲಿಸಿದರೆ ಸಾಲು ಅಲೆಯಾಗುತ್ತದೆ, ಎಲೆಯಾಗುತ್ತದೆ. ಈ ಬದಲಾವಣೆಯನ್ನು ಯಂತ್ರಕ್ಕೆ ಒಪ್ಪಿಸಿದ್ದು ‘ಕ್ಯಾಮ್’ ಎಂಬ ಬಿಲ್ಲೆ; ಅದರ ಏರುತಗ್ಗಿನ ಅಂಚನ್ನು ಸವರುತ್ತ ಸಾಗುವ ಸನ್ನೆಯೊಂದು ಸೂಜಿಯನ್ನು ಅಷ್ಟಷ್ಟೇ ಸರಿಸುತ್ತದೆ. 1952ರ ಎಲ್ನಾ ಸೂಪರ್‌ಮ್ಯಾಟಿಕ್ ಯಂತ್ರದಲ್ಲಿ ಬಿಲ್ಲೆ ಬದಲಿಸಿದರೆ ವಿನ್ಯಾಸವೂ ಬದಲಾಗುತ್ತಿತ್ತು. 1975ರಲ್ಲಿ ಬಂದ ಸಿಂಗರ್‌ನ ಅಥೀನಾ 2000 ವಿನ್ಯಾಸದ ನೆನಪನ್ನು ಲೋಹದಿಂದ ವಿದ್ಯುನ್ಮಾನಕ್ಕೆ ವರ್ಗಾಯಿಸಿತು; ಅಂದಿನಿಂದ ಯಂತ್ರದ ಫಲಕದಲ್ಲಿ ಕಾಜಾ ಮತ್ತು ಹೂವಿನ ಸಾಲು ಅಕ್ಕಪಕ್ಕದ ಗುಂಡಿಗಳಾಗಿವೆ.

ಭಾರತದ ದಾರಿ ಬೇರೆಯಾಗಿತ್ತು. ಮೊದಲು ಬಂದ ಸಿಂಗರ್, 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ತಯಾರಾಗತೊಡಗಿದ ಉಷಾ ಮೊದಲಾದ ಕಪ್ಪುಬಣ್ಣದ ಕಾಲ್ತುಳಿ ಯಂತ್ರಗಳು ಹೆಚ್ಚಾಗಿ ನೇರ ಹೊಲಿಗೆಯವು. ಅವು ತಲೆಮಾರುಗಳ ಕಾಲ ಬಾಳಿಕೆ ಬಂದುದರಿಂದ, ಅವುಗಳಿಂದ ಆಗದ ಹೊಲಿಗೆಗಳು ಪ್ರತ್ಯೇಕ ಕಸುಬುಗಳಾದವು. ಕರ್ನಾಟಕದ ದರ್ಜಿ ಅಂಗಡಿಗಳಲ್ಲಿ ಕಾಜಾ ಮತ್ತು ಹೆಮ್ಮಿಂಗ್ ಕೈಕೆಲಸವಾಗಿ ಉಳಿದು, ಕಲಿಯುವ ಹುಡುಗರಿಗೂ ಮನೆಯಲ್ಲಿ ಕುಳಿತು ಮಾಡುವ ಹೆಂಗಸರಿಗೂ ಹೋಯಿತು. ಅಂಚು ಕಾಯುವ ಓವರ್‌ಲಾಕ್‌ಗೆ ಬಟ್ಟೆ ಬೇರೆಡೆ ನಡೆಯಿತು. ಸೀರೆಯ ತುದಿಯನ್ನು ಕಿರಿದಾಗಿ ಸುತ್ತಿ ಅದರ ಮೇಲೆ ಒತ್ತು ಝಿಗ್‌ಝಾಗ್ ಹಾಕುವ ‘ಪೀಕೋ’, ಕೆಳ ಅಂಚಿನ ಒಳಬದಿಗೆ ಕೂಡಿಸುವ ಫಾಲ್ ಮತ್ತು ಸೆರಗಿನ ಕುಚ್ಚಿನೊಂದಿಗೆ ಸೇರಿ, ಊರೂರ ಬೀದಿಗಳಲ್ಲಿ ಫಲಕ ಹಾಕಿಕೊಂಡ ವೃತ್ತಿಯಾಯಿತು. ಇತ್ತೀಚಿನ ದಶಕಗಳಲ್ಲಿ ರವಿಕೆಯ ಕೊರಳು, ತೋಳುಗಳಿಗೆ ಬೇಡಿಕೆ ಪಡೆದ ಆರಿ ಕೆಲಸದಲ್ಲಿ, ತಿಮೊನಿಯೇ ಯಂತ್ರಕ್ಕೆ ಮೂಲವಾದ ಕೊಕ್ಕೆ ಮತ್ತೆ ಕೈಗೆ ಬಂದಿದೆ. ಧಾರವಾಡ ಸೀಮೆಯ ಕಸೂತಿ ಮಾತ್ರ ಯಂತ್ರಕ್ಕೆ ಪೂರ್ತಿ ಒಗ್ಗಿಲ್ಲ: ಬಟ್ಟೆಯ ಎಳೆಗಳನ್ನು ಎಣಿಸಿ, ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ಅದೇ ದಾರದಿಂದ ತುಂಬಿ, ಎರಡೂ ಬದಿ ಒಂದೇ ಆಗಿಸುವ ಗವಂತಿಯಲ್ಲಿ ಯಂತ್ರ ನಕಲಿಸಬಲ್ಲದ್ದು ವಿನ್ಯಾಸವನ್ನಷ್ಟೇ, ಹೊಲಿಗೆಯನ್ನಲ್ಲ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ, ಹೊಲಿಗೆಯೊಂದು ಉಪಯೋಗದ್ದೋ ಅಲಂಕಾರದ್ದೋ ಎಂಬುದನ್ನು ಅದರ ರಚನೆ ನಿರ್ಧರಿಸುವುದಿಲ್ಲ, ಅದನ್ನು ಎಲ್ಲಿ, ಯಾರು, ಯಾವ ಕೂಲಿಗೆ ಹಾಕುತ್ತಾರೆ ಎಂಬುದು ನಿರ್ಧರಿಸುತ್ತದೆ ಎಂದು ತಿಳಿಯುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಜೇಬಿನ ಮೂಲೆಗೆ ಬಿಗಿಯಾಗಿ ಬೀಳುವ ಒತ್ತು ಝಿಗ್‌ಝಾಗ್ ತುಂಡುಗಳ ಲೆಕ್ಕದೊಳಗೆ ಅಡಗಿಹೋಗುತ್ತದೆ. ಅದೇ ಹೊಲಿಗೆ ಸೀರೆಯ ಅಂಚಿಗೆ ಬಣ್ಣದ ದಾರದಲ್ಲಿ ಬಿದ್ದಾಗ ಅಂಚನ್ನು ಕಾಯುವ ಕೆಲಸದ ಜೊತೆಗೆ ಸೊಬಗಿನ ಬೆಲೆಯನ್ನೂ ಪಡೆಯುತ್ತದೆ.