ಹಬ್ಬದ ಸಿಹಿ: ಹಳತೆಷ್ಟು, ಹೊಸತೆಷ್ಟು?



ಯುಗಾದಿ ಸಮೀಪಿಸಿದಾಗಲೆಲ್ಲ ನಮ್ಮ ಬಂಧುವರ್ಗದಲ್ಲಿ ಒಂದು ವಾಗ್ವಾದ ತಲೆಯೆತ್ತುವುದುಂಟು. ಚಾಕೊಲೇಟ್ ಹೂರಣದ ಹೋಳಿಗೆಯನ್ನು ದೇವರಿಗೆ ನೈವೇದ್ಯ ಮಾಡಬಹುದೆ? ಅಂಗಡಿಯಿಂದ ತಂದ ಒಬ್ಬಟ್ಟು ಒಬ್ಬಟ್ಟೆನಿಸಿಕೊಳ್ಳುವುದೆ? ಹಿರಿಯರು ‘ಸಂಪ್ರದಾಯ ಕೆಟ್ಟಿತು’ ಎನ್ನುತ್ತಾರೆ. ಕಿರಿಯರು ‘ರುಚಿಯಾಗಿದ್ದರೆ ಸಾಲದೆ?’ ಎನ್ನುತ್ತಾರೆ. ಮೂರು ದಶಕಕ್ಕೂ ಮಿಕ್ಕಿ ಚರಿತ್ರೆಯನ್ನು ಬೋಧಿಸಿದವನಾದ್ದರಿಂದ ತೀರ್ಪು ಹೇಳಬೇಕೆಂದು ಎರಡೂ ಪಕ್ಷದವರು ನನ್ನತ್ತ ನೋಡುತ್ತಾರೆ. ತೀರ್ಪಿಗಿಂತ ಮೊದಲು ಸಾಕ್ಷ್ಯವನ್ನು ಪರಿಶೀಲಿಸುವುದು ನನ್ನ ಹಳೆಯ ಅಭ್ಯಾಸ.

ಹೋಳಿಗೆ ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ‘ಪೋಲಿಕಾ’ ಬರುತ್ತದೆ, ‘ಮಂಡಕ’ ಬರುತ್ತದೆ. ಈ ಮಂಡಕವೇ ನಮ್ಮ ಮಂಡಿಗೆ. ಗೋಧಿಯ ಕಣಕವನ್ನು ಅಂಗೈ ಮುಂಗೈಗಳ ಮೇಲೆ ಆಡಿಸುತ್ತ ವಸ್ತ್ರದಷ್ಟು ತೆಳುವಾಗಿ ಹಿಗ್ಗಿಸಿ, ಬೋರಲು ಹಾಕಿದ ಪಾತ್ರೆಯ ಬೆನ್ನಿನ ಮೇಲೆ ಬೇಯಿಸುವ ಆ ವಿದ್ಯೆ ಒಂಬತ್ತು ಶತಮಾನಗಳ ಅನಂತರವೂ ಬೆಳಗಾವಿಯ ಸೀಮೆಯಲ್ಲಿ ಉಳಿದುಕೊಂಡಿದೆ. ‘ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು’ ಎಂಬ ನುಡಿಗಟ್ಟನ್ನು ಬಳಸುವ ನಮ್ಮಲ್ಲಿ ಬಹುಮಂದಿ ನಿಜವಾದ ಮಂಡಿಗೆಯನ್ನು ಕಂಡೂ ಇಲ್ಲ. ಹಾಗಾಗಿ ಮನಸ್ಸಿನಲ್ಲೇ ತಿನ್ನಬೇಕಾಗಿದೆ!

ಸುಮಾರು 1508ರ ವೇಳೆಗೆ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ಬರೆದನು. ಪಾಕಶಾಸ್ತ್ರವನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಬೇಕೆಂದು ಹೊರಟ ಆ ಕವಿಯ ರಸಿಕತೆಗೆ ತಲೆಬಾಗಬೇಕು. ಹಿಟ್ಟಿನ ಭಕ್ಷ್ಯಗಳಿಗೆ ಅವನು ಮೊದಲ ಸ್ಥಾನವನ್ನೇ ಕೊಟ್ಟಿದ್ದಾನೆ. ಅವನ ಕಾಲವನ್ನು ಗಮನಿಸಿರಿ. ಪೋರ್ಚುಗೀಸರು ಗೋವೆಯನ್ನು ಗೆದ್ದದ್ದು 1510ರಲ್ಲಿ. ಅಂದರೆ, ಅಮೆರಿಕ ಖಂಡದ ಬೆಳೆಗಳು ನಮ್ಮ ಅಡುಗೆಮನೆಯ ಹೊಸಿಲನ್ನು ದಾಟುವ ತುಸು ಮೊದಲು ಬರೆದಿಟ್ಟ ದಾಖಲೆ ಅದು. ಮಂಗರಸನ ಪಾಕಶಾಲೆಯಲ್ಲಿ ಮೆಣಸಿನಕಾಯಿಯಿಲ್ಲ, ಆಲೂಗೆಡ್ಡೆಯಿಲ್ಲ, ಗೋಡಂಬಿಯಿಲ್ಲ, ಶೇಂಗಾ ಇಲ್ಲ, ಅನಾನಸ್ ಇಲ್ಲ. ಖಾರಕ್ಕೆ ಕಾಳುಮೆಣಸು ಮತ್ತು ಶುಂಠಿ. ಸಿಹಿಗೆ ಕಬ್ಬಿನಿಂದ ಬಂದ ಬೆಲ್ಲ, ಸಕ್ಕರೆ.

ಈಗ ನಮ್ಮ ಹಬ್ಬದ ಎಲೆಯನ್ನು ನೋಡೋಣ. ಪಾಯಸದಲ್ಲಿ ತುಪ್ಪದಲ್ಲಿ ಹುರಿದ ಗೋಡಂಬಿ ತೇಲದಿದ್ದರೆ ಅತಿಥಿಗಳು ಮುಖ ಸಣ್ಣದು ಮಾಡುತ್ತಾರೆ. ಆ ಗೋಡಂಬಿಯ ತವರು ಬ್ರೆಜಿಲ್. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಪಶ್ಚಿಮ ಕರಾವಳಿಗೆ ಬಂದಿಳಿದು, ಗೇರುಮರವಾಗಿ ನಮ್ಮ ಗುಡ್ಡಗಳನ್ನು ಹಬ್ಬಿತು. ಉತ್ತರ ಕರ್ನಾಟಕದ ನನ್ನ ಬೀಗರ ಮನೆಯಲ್ಲಿ ಸಂಕ್ರಾಂತಿಗೆ ಶೇಂಗಾ ಹೋಳಿಗೆ, ನಾಗರಪಂಚಮಿಗೆ ಶೇಂಗಾ ಉಂಡೆ ಇಲ್ಲದೆ ಹಬ್ಬವೇ ಇಲ್ಲ. ಅದು ಪುರಾತನ ಪದ್ಧತಿಯೆಂದು ಅವರು ಆಣೆಯಿಟ್ಟು ಹೇಳುತ್ತಾರೆ. ಶೇಂಗಾ ದಕ್ಷಿಣ ಅಮೆರಿಕದ ಕಾಯಿ. ನಮ್ಮ ಹೊಲಗಳಲ್ಲಿ ಅದು ವ್ಯಾಪಕವಾಗಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ. ಯಾವಳೋ ಒಬ್ಬ ಗೃಹಿಣಿ ಎಂದೋ ಒಂದು ದಿನ ಎಳ್ಳಿನ ಅಥವಾ ಕಡಲೆಯ ಸ್ಥಾನದಲ್ಲಿ ಈ ಹೊಸ ಬೀಜವನ್ನು ಹುರಿದು ಕುಟ್ಟಿ ಬೆಲ್ಲ ಬೆರೆಸಿರಬೇಕು. ಅಂದು ಅವಳ ಅತ್ತೆ ಏನೆಂದಳೋ, ಯಾವ ಗ್ರಂಥವೂ ಬರೆದಿಟ್ಟಿಲ್ಲ.

ಉಪವಾಸದ ಫಲಾಹಾರ ಇನ್ನೂ ಸ್ವಾರಸ್ಯಕರ. ಏಕಾದಶಿಯಂದು ಅನ್ನ ನಿಷಿದ್ಧ, ಸಬ್ಬಕ್ಕಿ ಸಮ್ಮತ. ಸಬ್ಬಕ್ಕಿಯ ಖಿಚಡಿಗೆ ಶೇಂಗಾ, ಆಲೂಗೆಡ್ಡೆ, ಹಸಿಮೆಣಸಿನಕಾಯಿ. ಇಂದಿನ ಸಬ್ಬಕ್ಕಿ ಮರಗೆಣಸಿನ ಪಿಷ್ಟದಿಂದಾದದ್ದು. ತಮಿಳುನಾಡಿನ ಸೇಲಂ ಪ್ರಾಂತದಲ್ಲಿ ಅದರ ಉದ್ಯಮ ತಲೆಯೆತ್ತಿದ್ದು 1940ರ ದಶಕದಲ್ಲಿ. ಮರಗೆಣಸೂ ಸೇರಿ ನಾಲ್ಕೂ ಅಮೆರಿಕದ ಸಂತಾನ. ಧರ್ಮಶಾಸ್ತ್ರಕಾರರಿಗೆ ಈ ವಸ್ತುಗಳ ಪರಿಚಯವೇ ಇರಲಿಲ್ಲವಾದ್ದರಿಂದ ಅವರು ನಿಷೇಧಿಸಲೂ ಇಲ್ಲ!

ಇದಕ್ಕೆ ವಿರುದ್ಧವಾದ ಸಾಕ್ಷ್ಯವೊಂದು ಶ್ರಾದ್ಧದ ಅಡುಗೆಯಲ್ಲಿದೆ. ಅನೇಕ ಮನೆತನಗಳಲ್ಲಿ ಶ್ರಾದ್ಧದಂದು ಮೆಣಸಿನಕಾಯಿ ಕೂಡದು, ಕಾಳುಮೆಣಸೇ ಆಗಬೇಕು. ಟೊಮೇಟೊ, ಆಲೂಗೆಡ್ಡೆ, ಎಲೆಕೋಸು, ಹೂಕೋಸುಗಳು ಒಲೆಯ ಬಳಿ ಸುಳಿಯಬಾರದು. ಪಿತೃಗಳು ಬದುಕಿದ್ದಾಗ ಏನನ್ನು ಉಣ್ಣುತ್ತಿದ್ದರೋ ಅದನ್ನೇ ಅವರಿಗೆ ಬಡಿಸುವ ಭಾವ. ಚರಿತ್ರೆಯ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ವಸ್ತುಸಂಗ್ರಹಾಲಯ ಬೇರೆಲ್ಲಿ ದೊರೆತೀತು? ಶ್ರಾದ್ಧದ ಎಲೆ ಹಳೆಯದನ್ನು ಕಾಯ್ದಿತು. ಹಬ್ಬದ ಎಲೆ ಬಂದ ಹೊಸಬರನ್ನೆಲ್ಲ ಸೇರಿಸಿಕೊಂಡಿತು. ನಮ್ಮ ಹಿರಿಯರು ಎರಡಕ್ಕೂ ಬೇರೆಬೇರೆ ನಿಯಮವನ್ನಿಟ್ಟಿದ್ದರೆಂಬ ಅಂಶವನ್ನು ವಾಗ್ವಾದ ಮಾಡುವವರಿಬ್ಬರೂ ಮರೆಯುತ್ತಾರೆ.

ಮೈಸೂರು ಪಾಕಿನ ವಿಷಯಕ್ಕೆ ಬರುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ (ಆಳ್ವಿಕೆ 1894–1940) ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಅದನ್ನು ಸಿದ್ಧಪಡಿಸಿದರೆಂಬುದು ಪ್ರತೀತಿ. ದೊರೆ ಹೆಸರು ಕೇಳಿದಾಗ, ಸಕ್ಕರೆ ಪಾಕದಿಂದಾದ ಭಕ್ಷ್ಯವಾದ್ದರಿಂದ ‘ಮೈಸೂರು ಪಾಕ’ ಎಂದುಬಿಟ್ಟರಂತೆ. ಆ ವಂಶದವರ ಸಿಹಿ ಅಂಗಡಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಪ್ರಸಿದ್ಧವಾಗಿದೆ. ಕಡಲೆಹಿಟ್ಟು, ತುಪ್ಪ, ಸಕ್ಕರೆ. ಮೂರೂ ಹಳೆಯ ವಸ್ತುಗಳೇ. ಹೊಸತಾದದ್ದು ಕ್ರಮ. ಎಳೆ ಪಾಕಕ್ಕೆ ಹಿಟ್ಟನ್ನು ಉದುರಿಸಿ, ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯುತ್ತ ಹೋದಂತೆ ಒಳಗಿನ ನೀರಿನಂಶ ಆವಿಯಾಗಿ ನುಗ್ಗಿ ಹೊರಡುತ್ತದೆ. ಅದು ನುಗ್ಗಿದ ದಾರಿಯೇ ಜೇನುಗೂಡಿನಂಥ ರಂಧ್ರ. ತಟ್ಟೆಗೆ ಸುರಿದ ಮೇಲೂ ನಡುಭಾಗದಲ್ಲಿ ಶಾಖ ಉಳಿಯುವುದರಿಂದ ಅಲ್ಲಿ ಕೆಂಬಣ್ಣವೇರುತ್ತದೆ. ನೂರು ಚಿಲ್ಲರೆ ವರ್ಷಗಳ ಹಿಂದೆ ಇದೂ ‘ಹೊಸ ರೀತಿಯ ಸಿಹಿ’ಯೇ ಆಗಿತ್ತು. ಕೊಯಮತ್ತೂರಿನಲ್ಲಿ 1948ರಲ್ಲಿ ಆರಂಭವಾದ ಶ್ರೀಕೃಷ್ಣ ಸ್ವೀಟ್ಸ್‌ನವರು ಅದನ್ನು ಬಾಯಲ್ಲಿ ಕರಗುವಷ್ಟು ಮೃದುವಾಗಿಸಿ ‘ಮೈಸೂರ್ಪಾ’ ಎಂದು ಕರೆದರು. ನನ್ನ ಹಲ್ಲುಗಳು ಅವರ ಪಕ್ಷ. ನಾಲಗೆ ಮಾತ್ರ ಇನ್ನೂ ಮೈಸೂರಿನದೇ. 2025ರ ಮೇ ತಿಂಗಳಿನಲ್ಲಿ ಜೈಪುರದ ಕೆಲವು ಅಂಗಡಿಗಳವರು ‘ಪಾಕ್’ ಎಂಬುದು ನೆರೆರಾಷ್ಟ್ರದ ಹೆಸರನ್ನು ನೆನಪಿಸುತ್ತದೆಂದು ಅದನ್ನು ‘ಮೈಸೂರು ಶ್ರೀ’ ಎಂದು ಬದಲಿಸಿದ ಸುದ್ದಿಯನ್ನು ಓದಿದೆ. ಭಕ್ಷ್ಯವನ್ನು ಬದಲಿಸಿದರೆ ನನಗೆ ಆಕ್ಷೇಪವಿಲ್ಲ. ‘ಪಾಕ’ ಶಬ್ದದ ವ್ಯುತ್ಪತ್ತಿಯನ್ನು ಬದಲಿಸಲು ಹೊರಟವರಿಗೆ ಮಾತ್ರ ನನ್ನ ತರಗತಿಯಲ್ಲಿ ಅಂಕ ದೊರೆಯುತ್ತಿರಲಿಲ್ಲ.

ಸಕ್ಕರೆಯದೂ ಒಂದು ಕಥೆಯುಂಟು. ಬಿಳಿಯ ಸಕ್ಕರೆ ಬಹುಕಾಲ ಜಾವಾ ದ್ವೀಪದಿಂದ ಹಡಗಿನಲ್ಲಿ ಬರುತ್ತಿತ್ತು. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆಯ ಕಾಯಿದೆ ಬಂದಿತು. ಮರುವರ್ಷ, ಕನ್ನಂಬಾಡಿಯ ನೀರು ಹರಿದ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದೆ ದುಡಿದವರು ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್, ಕೆನಡಾ ದೇಶದವರು. ಕಾರ್ಖಾನೆಯ ಸಕ್ಕರೆ ಅಗ್ಗವಾದಂತೆ ಬೆಲ್ಲದ ಭಕ್ಷ್ಯಗಳು ‘ಹಳ್ಳಿಯವು’ ಎನಿಸಿಕೊಂಡವು. ಬೆಳ್ಳಗಿರುವುದೇ ಸಿರಿವಂತಿಕೆಯ ಗುರುತಾಯಿತು. 1960ರ ದಶಕದ ಮಧ್ಯಭಾಗದ ಅಭಾವದ ವರ್ಷಗಳಲ್ಲಿ ಪಡಿತರದ ಸಕ್ಕರೆಯನ್ನು ನನ್ನ ತಾಯಿ ಹಿತ್ತಾಳೆಯ ಡಬ್ಬಿಯಲ್ಲಿಟ್ಟು, ಸಂಕ್ರಾಂತಿಯ ಸಕ್ಕರೆ ಅಚ್ಚಿಗೆಂದು ತಿಂಗಳುಗಟ್ಟಲೆ ಕೂಡಿಡುತ್ತಿದ್ದಳು. ನೆನೆಸಿದ ಮರದ ಅಚ್ಚುಗಳಿಗೆ ಪಾಕವನ್ನು ಹೊಯ್ದು, ಆರಿದ ಮೇಲೆ ಬಿಡಿಸಿದರೆ ಆನೆ, ಗಿಳಿ, ಬೃಂದಾವನ! ಕಾಫಿಗೆ ಆ ವರ್ಷಗಳಲ್ಲಿ ಬೆಲ್ಲವೇ ಗತಿ.

ಕರಾವಳಿಯ ಕಡೆ ಹಬ್ಬದ ಸಿಹಿ ಮತ್ತೊಂದು ದಾರಿ ಹಿಡಿಯಿತು. ಮಂಗಳೂರಿನ ಕ್ರೈಸ್ತ ಬಾಂಧವರು ಕ್ರಿಸ್‌ಮಸ್ಸಿಗೆ ಮಾಡಿ ಹಂಚುವ ‘ಕುಸ್ವಾರ್’ ತಟ್ಟೆಯಲ್ಲಿ ಕೇಕಿನ ಪಕ್ಕದಲ್ಲೇ ನೆವ್ರ್ಯೊ ಇರುತ್ತದೆ. ಅದು ನಮ್ಮ ಕರ್ಜಿಕಾಯಿಯ ಒಡಹುಟ್ಟು. ಚಕ್ಕುಲಿಯೂ ಇರುತ್ತದೆ, ಕಿಡಿಯೊ ಎಂಬ ಸುರುಳಿಯೂ ಇರುತ್ತದೆ. ಯೂರೋಪಿನ ಹಬ್ಬಕ್ಕೆ ನಮ್ಮ ತೆಂಗಿನಕಾಯಿ, ಅಕ್ಕಿ, ಎಳ್ಳು ಒದಗಿದ ಬಗೆ ಅದು. ನಾನು ಕೆಲಕಾಲ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದಾಗ, ಡಿಸೆಂಬರಿನಲ್ಲಿ ಸಹೋದ್ಯೋಗಿಯೊಬ್ಬರ ಮನೆಯಿಂದ ಬರುತ್ತಿದ್ದ ತಟ್ಟೆಯನ್ನು ನಮ್ಮ ಮನೆಯವರು ದೀಪಾವಳಿಯ ಕಜ್ಜಾಯದ ಋಣಸಂದಾಯವೆಂದೇ ಭಾವಿಸುತ್ತಿದ್ದರು.

ಆ ಜಿಲ್ಲೆಯ ಮಾತು ಬಂದದ್ದರಿಂದ ಚಾಕೊಲೇಟನ್ನೂ ಹೇಳಿಬಿಡಬೇಕು. ಅಡಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆದ ರೈತರು ಬೆಲೆ ಕುಸಿದು ಕೊಳ್ಳುವವರಿಲ್ಲದೆ ಕಂಗಾಲಾದಾಗ, 1973ರಲ್ಲಿ ಸ್ಥಾಪನೆಯಾಗಿದ್ದ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಬೀಜವನ್ನು ಖರೀದಿಸತೊಡಗಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಚಾಕೊಲೇಟ್ ಹೋಳಿಗೆಯನ್ನು ‘ಪರದೇಶಿ’ ಎಂದು ಜರೆಯುವವರು ಪುತ್ತೂರಿನ ತೋಟಿಗರ ಮುಂದೆ ಆ ಮಾತನ್ನಾಡಲಿ! ಆದರೂ, ಒಪ್ಪಿಕೊಳ್ಳಲೇಬೇಕಾದ ಮಾತೆಂದರೆ, ಅದರ ರುಚಿ ನನಗೆ ಹಿಡಿಸಲಿಲ್ಲ. ಕೋಕೋವಿನ ಕಹಿ ಏಲಕ್ಕಿಯನ್ನು ನುಂಗಿಹಾಕುತ್ತದೆ. ಮೇಲೆ ತುಪ್ಪ ಹಾಕಿಕೊಂಡರೆ ಎರಡೂ ಒಂದರ ಮಾತನ್ನು ಒಂದು ಕೇಳುವುದಿಲ್ಲ. ಖರ್ಜೂರದ ಹೂರಣ ಮಾತ್ರ ಸೊಗಸಾಗಿ ಒಗ್ಗಿದೆ.

ಅಂಗಡಿಯ ಹೋಳಿಗೆಯ ಪ್ರಶ್ನೆ ಉಳಿಯಿತು. ಇದು ನನ್ನ ಪಾಲಿಗೆ ರುಚಿಯ ಪ್ರಶ್ನೆಯಲ್ಲ. ಹಳೆಯ ಮೈಸೂರಿನ ನಮ್ಮ ಮನೆಯಲ್ಲಿ ತೊಗರಿಬೇಳೆಯ ಒಬ್ಬಟ್ಟು. ಉತ್ತರದವರು ಕಡಲೆಬೇಳೆಯದನ್ನು ಮಾಡುತ್ತಾರೆ. ಬೇಳೆಯ ಕಟ್ಟನ್ನು ಬಸಿದು ಸಾರಿಗಿಡಬೇಕು, ಬೆಲ್ಲ ಬೆರೆಸಿ ಕಾಯಿಸಬೇಕು, ಅನಂತರ ಒರಳಿನಲ್ಲಿ ನುಣ್ಣಗೆ ರುಬ್ಬಬೇಕು. ಮಡಿಯುಟ್ಟ ನನ್ನ ತಾಯಿ ನಸುಕಿನಲ್ಲಿ ಒರಳಿನ ಮುಂದೆ ಕುಳಿತರೆ, ಸೌದೆ ಒಲೆಯ ಹೊಗೆಯಲ್ಲಿ ಐವತ್ತು ಅರವತ್ತು ಒಬ್ಬಟ್ಟು ಬೇಯಿಸಿ ಎಲ್ಲರಿಗೂ ಬಡಿಸಿ ಏಳುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ. ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ, ಅತಿಥಿಗಳ ಪಂಕ್ತಿ ಮುಗಿದ ಮೇಲೆ ಅವಳ ಎಲೆಗೆ ಉಳಿಯುತ್ತಿದ್ದದ್ದು ಹರಿದದ್ದು, ಸೀದದ್ದು. ಅವಳು ಬಿಸಿ ಒಬ್ಬಟ್ಟನ್ನು ಕುಳಿತು ತಿಂದದ್ದನ್ನು ನಾನು ನೋಡಿದ ನೆನಪಿಲ್ಲ. ‘ಹಿಂದಿನ ಕಾಲದ ಹಬ್ಬವೇ ಹಬ್ಬ’ ಎಂದು ನಿಟ್ಟುಸಿರಿಡುವ ನನ್ನ ವಯಸ್ಸಿನ ಗಂಡಸರಲ್ಲಿ ಒರಳಿನ ಗುಂಡನ್ನು ತಿರುಗಿಸಿದವರು ಎಷ್ಟು ಮಂದಿ? ಬೆಂಗಳೂರಿನ ಬಡಾವಣೆಗಳಲ್ಲಿ ತವೆಯ ಮುಂದೆ ನಿಂತು ದಿನವಿಡೀ ಹೋಳಿಗೆ ತಟ್ಟುವವರು ಅದಕ್ಕೆ ಕೂಲಿ ಪಡೆಯುತ್ತಾರೆ. ಹಾಗೆ ಕೊಂಡುತಂದ ಹೋಳಿಗೆಯನ್ನು ದೇವರ ಮುಂದಿಡಲು ನನಗೆ ಯಾವ ಸಂಕೋಚವೂ ಇಲ್ಲ. ಸೊಸೆಯೂ ಮೊದಲ ಪಂಕ್ತಿಯಲ್ಲೇ ಕುಳಿತು ಉಣ್ಣಲಿ.

ಆದರೂ ಕೈಬಿಟ್ಟುಹೋಗಬಾರದ ಕೆಲವು ವಿದ್ಯೆಗಳುಂಟು. ಕಜ್ಜಾಯದ ಹಿಟ್ಟು ಅಂಥದು: ನೆನೆದ ಅಕ್ಕಿಯನ್ನು ನೆರಳಿನಲ್ಲಿ ಆರಿಸಿ, ಇನ್ನೂ ತೇವವಿರುವಾಗಲೇ ಕುಟ್ಟಿ, ಬೆಲ್ಲದ ಪಾಕಕ್ಕೆ ಬೆರೆಸಿ ದಿನಗಟ್ಟಲೆ ಕಾಯಬೇಕು. ಪಾಕ ಒಂದು ಎಳೆ ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಎಣ್ಣೆಯಲ್ಲಿ ಚೂರುಚೂರು. ಇದನ್ನು ಯಂತ್ರ ಕಲಿಯಲಾರದೆಂದಲ್ಲ. ಮನೆಯಲ್ಲಿ ಕಲಿತವರು ಇಲ್ಲವಾದರೆ ಯಂತ್ರದ್ದು ಸರಿಯಿದೆಯೆ ಎಂದು ಹೇಳುವ ನಾಲಗೆಯೂ ಇಲ್ಲವಾಗುತ್ತದೆ.

ಇತ್ತೀಚಿನ ನಾವೀನ್ಯ ಸಿರಿಧಾನ್ಯದ್ದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಮೇಲೆ ನವಣೆಯ ಪಾಯಸ, ನವಣೆಯ ತಂಬಿಟ್ಟು, ಸಾಮೆಯ ಸಿಹಿಪೊಂಗಲುಗಳು ಹೊಳೆಯುವ ಪೊಟ್ಟಣಗಳಲ್ಲಿ ‘ಹೊಸ ರುಚಿ’ ಎಂಬ ಹೆಸರಿನಿಂದ ಬರುತ್ತಿವೆ. ನವಣೆಯೂ ಸಾಮೆಯೂ ನಮ್ಮ ಬಯಲುಸೀಮೆಯವರ ಹಳೆಯ ಅನ್ನ. ಅಗ್ಗದ ಅಕ್ಕಿ ಗೋಧಿಗಳು ಪಡಿತರದಲ್ಲಿ ಬಂದ ಮೇಲೆ ಅವು ಬಡವರ ಧಾನ್ಯವೆನಿಸಿ ಹೊಲದಿಂದ ಹೊರಬಿದ್ದಿದ್ದವು. ಈಗ ಅಕ್ಕಿಗಿಂತ ದುಬಾರಿಯಾಗಿ ಹಿಂದಿರುಗಿವೆ. ನನ್ನಜ್ಜಿಗೆ ಈ ಬೆಲೆಪಟ್ಟಿಯನ್ನು ತೋರಿಸಬೇಕಿತ್ತು.

ಕೊನೆಯಲ್ಲಿ ಒಂದು ವಿನಂತಿ. ನಿಮ್ಮ ಮನೆಗಳಲ್ಲಿ ಅಜ್ಜಿಯೋ ತಾಯಿಯೋ ಬರೆದಿಟ್ಟ ಅಡುಗೆಯ ಟಿಪ್ಪಣಿಗಳಿದ್ದರೆ, ಪಾವು, ಚಟಾಕು, ಸೇರುಗಳ ಅಳತೆಯನ್ನು ತಿದ್ದದೆ ಹಾಗೆಯೇ ಪ್ರತಿ ಮಾಡಿ ನನಗೆ ಕಳುಹಿಸಿರಿ. ಕಾಗದ ಹಳದಿಯಾಗಿದ್ದರೆ ಬೇಗ ಮಾಡಿರಿ. ಮಂಡಿಗೆ ಬಲ್ಲವರು ಬಂಧುಗಳಲ್ಲಿ ಯಾರಾದರೂ ಇದ್ದರೆ ತಿಳಿಸಿರಿ. ಬೆಳಗಾವಿಯವರೆಗೆ ಬರಲು ನಾನು ಸಿದ್ಧನಿದ್ದೇನೆ.