ಇಸಾಂಪುರದ ಕಲ್ಲಗಣಿ ಮತ್ತು ಕೆ. ಪದ್ದಯ್ಯನವರ ಸಂಶೋಧನೆ

ಕರ್ನಾಟಕದ ಇತಿಹಾಸವನ್ನು ಕುರಿತ ಗ್ರಂಥಗಳು ಸಾಮಾನ್ಯವಾಗಿ ಅಶೋಕನ ಶಾಸನಗಳಿಂದ ಮೊದಲಾಗುತ್ತವೆ. ಅದಕ್ಕೂ ಹಿಂದಿನದನ್ನು ‘ಪ್ರಾಗಿತಿಹಾಸ’ವೆಂಬ ಕಿರು ಅಧ್ಯಾಯದಲ್ಲಿ ಮುಗಿಸಿಬಿಡುವುದು ರೂಢಿ. 2002ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ನಿಯತಕಾಲಿಕೆಯಲ್ಲಿ ಬಂದ ಲೇಖನವೊಂದು ಆ ಕಿರು ಅಧ್ಯಾಯದ ಕಾಲಮಾನವನ್ನೇ ಹಿಗ್ಗಿಸಿತು. ಇಂದಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಮಾನವನ ಪೂರ್ವಜರು ಸುಮಾರು 12 ಲಕ್ಷ ವರ್ಷಗಳ ಹಿಂದೆಯೇ ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದರೆಂಬುದು ಅದರ ಪ್ರತಿಪಾದನೆ. ಆ ಸಂಶೋಧನೆಯ ಮುಂದಾಳು ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯ.

ಈ ಕ್ಷೇತ್ರದ ಆದ್ಯ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದ ಆತ ಮುಂದೆ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಅಲೆದ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥನಾದ. ಫೂಟ್ ಮತ್ತು ಅವನ ಅನಂತರದವರ ಗಮನವೆಲ್ಲ ಬಹುಮಟ್ಟಿಗೆ ಆಯುಧಗಳ ಮೇಲೆ, ಅವು ಸಿಗುವ ನದೀತೀರದ ಜಲ್ಲಿಪದರಗಳ ಮೇಲೆ. ಹೊಳೆಯಲ್ಲಿ ಉರುಳಿ ಬಂದ ಕಲ್ಲು ತನ್ನ ಆಕಾರವನ್ನು ಹೇಳಬಲ್ಲದು. ಅದನ್ನು ಬಳಸಿದವನು ಎಲ್ಲಿ ಕುಳಿತಿದ್ದ, ಏನು ಮಾಡುತ್ತಿದ್ದ ಎಂಬುದನ್ನು ಹೇಳಲಾರದು.

ಪದ್ದಯ್ಯನವರು ಕೇಳಿದ್ದು ಈ ಎರಡನೆಯ ಪ್ರಶ್ನೆಯನ್ನು. ಸುರಪುರದ ಸೀಮೆ ಅವರಿಗೆ ಹೊಸದಾಗಿರಲಿಲ್ಲ. ಅವರ ಡಾಕ್ಟರೇಟ್ ಅಧ್ಯಯನವೇ ಕೃಷ್ಣಾ-ಭೀಮಾ ನದಿಗಳ ನಡುವಣ ಆ ದೋಆಬಿನ ನವಶಿಲಾಯುಗವನ್ನು ಕುರಿತದ್ದು. (ಅದೇ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ವಿವರಿಸಿದ್ದ.) 1974ರಿಂದ ಅವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಋತು ಋತುವಿಗೂ ನಡೆದು ನೋಡಿದರು. ಸುಮಾರು 500 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಆಶೂಲಿಯನ್ ಸಂಸ್ಕೃತಿಯ, ಎಂದರೆ ಕೈಗೊಡಲಿಗಳನ್ನು ಮಾಡಿದ ಜನರ, 200ಕ್ಕೂ ಮಿಕ್ಕ ನೆಲೆಗಳು ಬೆಳಕಿಗೆ ಬಂದವು. ಬಿಡಿ ನೆಲೆಗಳನ್ನು ಅವರು ಒಂದೇ ಬದುಕಿನ ಭಾಗಗಳೆಂದು ಓದಿದರು: ಮಳೆಗಾಲದಲ್ಲಿ ಎಲ್ಲೆಡೆ ನೀರು, ಗೆಡ್ಡೆ-ಗೆಣಸು, ಆಗ ಗುಂಪುಗಳು ಕಣಿವೆಯ ತುಂಬ ಚದುರುತ್ತಿದ್ದವು. ಬೇಸಿಗೆಯಲ್ಲಿ ಬತ್ತದ ಒರತೆಗಳ ಸುತ್ತ ಒಟ್ಟುಗೂಡುತ್ತಿದ್ದವು. ಊಹೆಯೆಂದು ಇದನ್ನು ತಳ್ಳಿಹಾಕುವವರೂ ಇರಬಹುದು. ಆದರೆ ಆಯುಧಗಳ ಪಟ್ಟಿಯಿಂದ ಭಾರತೀಯ ಪ್ರಾಕ್ತನಶಾಸ್ತ್ರವನ್ನು ಮನುಷ್ಯನ ಕಡೆಗೆ ತಿರುಗಿಸಿದ್ದು ಇಂಥ ಊಹೆಗಳೇ. 1982ರಲ್ಲಿ ಪ್ರಕಟವಾದ ಅವರ ಹುಣಸಗಿ ಗ್ರಂಥದ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಇಸಾಂಪುರದ ನೆಲೆ ಗೋಚರಿಸಿದ್ದು 1983ರಲ್ಲಿ; ಉತ್ಖನನ ನಡೆದದ್ದು 1997ರ ಅನಂತರ, ಮೈಕೆಲ್ ಪೆಟ್ರಾಗ್ಲಿಯಾ ಅವರ ಸಹಯೋಗದಲ್ಲಿ. ಅಲ್ಲಿರುವುದು ಭೀಮಾ ಶ್ರೇಣಿಯ ಸುಣ್ಣಕಲ್ಲು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಇದೇ ಶ್ರೇಣಿಯದು. ಪದರ ಪದರವಾಗಿ ಬಿಚ್ಚಿಕೊಳ್ಳುವ ಈ ಬಂಡೆಯಿಂದ ಚಪ್ಪಡಿಗಳನ್ನು ಎಬ್ಬಿಸಿ, ಬೇರೆ ಜಾತಿಯ ಗಡುಸು ಕಲ್ಲುಗಳನ್ನೇ ಸುತ್ತಿಗೆಯಾಗಿಸಿಕೊಂಡು ಚಕ್ಕೆ ಹಾರಿಸಿ ಕೈಗೊಡಲಿ ಮಾಡುತ್ತಿದ್ದರು. ಮುಗಿದ ಆಯುಧ, ಅರ್ಧಕ್ಕೆ ಬಿಟ್ಟದ್ದು, ಸಿಡಿದ ಚಕ್ಕೆ, ಸುತ್ತಿಗೆಗಲ್ಲು ಎಲ್ಲವೂ ಬಿದ್ದಲ್ಲಿಯೇ ಉಳಿದಿದ್ದವು. ಕುಶಲಕರ್ಮಿ ಈಗತಾನೆ ಎದ್ದುಹೋದ ಕಮ್ಮಟದಂತೆ.

ಕಾಲನಿರ್ಣಯದ ಮಾತು ಬೇರೆ. ಈ ಕಣಿವೆಗಳ ಕೆಲವು ನೆಲೆಗಳಿಗೆ ಮೊದಲು ದೊರೆತಿದ್ದ ಯುರೇನಿಯಂ ಶ್ರೇಣಿಯ ಕಾಲಮಾನ ಮೂರು ಲಕ್ಷ ವರ್ಷಗಳ ಆಸುಪಾಸಿನದು. ಇಸಾಂಪುರದಲ್ಲಿ ಸಿಕ್ಕ ಪ್ರಾಣಿದಂತಗಳ ಎನಾಮೆಲನ್ನು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ವಿಧಾನದಿಂದ ಪರೀಕ್ಷಿಸಿದಾಗ ಬಂದದ್ದು 12.7 ಲಕ್ಷ, ಹೆಚ್ಚುಕಡಿಮೆ 1.7 ಲಕ್ಷ ವರ್ಷ. ಹಲ್ಲು ಮಣ್ಣಿನಿಂದ ಯುರೇನಿಯಂ ಹೀರಿಕೊಂಡ ವೇಗವನ್ನು ಹೇಗೆ ಭಾವಿಸಿಕೊಳ್ಳುತ್ತೇವೆ ಎಂಬುದನ್ನು ಈ ಸಂಖ್ಯೆ ಅವಲಂಬಿಸಿದೆ. ಆದಕಾರಣ ವಿದ್ವಾಂಸರು ಅದನ್ನು ಎಚ್ಚರದಿಂದಲೇ ಉಲ್ಲೇಖಿಸುತ್ತ ಬಂದರು. 2011ರಲ್ಲಿ ಶಾಂತಿ ಪಪ್ಪು ಮತ್ತು ಸಂಗಡಿಗರು ತಮಿಳುನಾಡಿನ ಅತ್ತಿರಂಪಾಕ್ಕಂ ನೆಲೆಗೆ ಬೇರೆ ವಿಧಾನಗಳಿಂದ ಸುಮಾರು 15 ಲಕ್ಷ ವರ್ಷಗಳ ಕಾಲವನ್ನು ನಿರ್ಧರಿಸಿದಾಗ, ಇಸಾಂಪುರದ ಪ್ರಾಚೀನತೆ ಮೊದಲಿನಷ್ಟು ಒಂಟಿಯಾಗಿ ಉಳಿಯಲಿಲ್ಲ.

ಇಸಾಂಪುರದಲ್ಲಿ ಮಾನವನ ಎಲುಬು ಸಿಕ್ಕಿಲ್ಲ. ಆದ್ದರಿಂದ ಅಲ್ಲಿನ ವಿಕಾಸದ ಕಥೆಯನ್ನು ಕಲ್ಲಿನ ಕೆಲಸದಿಂದಲೇ ತಿಳಿಯಬೇಕು. ಸೆರಿ ಶಿಪ್ಟನ್ ಅವರು ಪೆಟ್ರಾಗ್ಲಿಯಾ ಮತ್ತು ಪದ್ದಯ್ಯನವರೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಯುಧ ತಯಾರಿಕೆಯ ಹಂತಗಳನ್ನು ಪ್ರಯೋಗಗಳ ಮೂಲಕ ಪರಿಶೀಲಿಸಲಾಯಿತು. ಈ ಕ್ರಮ ಒಬ್ಬರಿಂದೊಬ್ಬರಿಗೆ ಅನುಕರಣೆಯಿಂದ ದಾಟಿತೇ ಎಂಬ ಪ್ರಶ್ನೆಯನ್ನು ಶಿಪ್ಟನ್ ಮುಂದೆ ಪ್ರತ್ಯೇಕವಾಗಿ ಕೈಗೆತ್ತಿಕೊಂಡರು. ಭಾಷೆಯ ಮೂಲವನ್ನು ಹುಡುಕುವವರೂ ಇಲ್ಲಿ ನಿಂತು ನೋಡಬೇಕಾಗುತ್ತದೆ.

ಪದ್ದಯ್ಯನವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಅವರು ನಡೆದ ಕಣಿವೆಗೆ ಕಾಲುವೆಯ ನೀರು ಬಂದು, ಭತ್ತದ ಗದ್ದೆಗಳಿಗಾಗಿ ಇಳಿಜಾರುಗಳನ್ನು ಸಮತಟ್ಟು ಮಾಡಿದಾಗ ಹಲವು ನೆಲೆಗಳು ಹಾಳಾದವು. ರೈತನ ದೃಷ್ಟಿಯಲ್ಲಿ ಅದು ಹೊಲದಿಂದ ಎತ್ತಿಹಾಕಬೇಕಾದ ಕಲ್ಲು. ಅದು ಬೇರೇನೋ ಎಂದು ಅವನಿಗೆ ತಿಳಿಸಬಲ್ಲ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ.